ಹೊನ್ನಾಂಬೆಗೆ ವಯಸ್ಸೆಷ್ಟು?

ಗುರುವಾರ, ಫೆಬ್ರುವರಿ 11, 1988
ರಾಣೆಬೆನ್ನೂರು ಕ್ಯಾಂಪ್. ಮಧ್ಯಾಹ್ನ

ಗಂಟಲು ಕೂತಿದೆ. ಮತ್ತೆ ತಿರಕಪ್ಪನ ಕೃಪೆ. ನಿನ್ನೆಯ ಆಟದಲ್ಲಿ ಅವನ ಅರ್ಧ ಮಾತು ನಾನೇ ಹೇಳಿದೆ — ಸೈಡ್ ವಿಂಗಿನಲ್ಲಿ ಸ್ಟೂಲ್ ಹಾಕಿಕೊಂಡು, ಪರದೆಗೆ ಬಾಯಿ ಹಚ್ಚಿ. ನಾನು ಪಿಸುಗುಟ್ಟಿದ್ದನ್ನೇ ಅವನು ಎದೆ ಉಬ್ಬಿಸಿ ಕೂಗಿದ. ಶಿಳ್ಳೆ ಅವನಿಗೆ, ಗಂಟಲುನೋವು ನನಗೆ. ನಲವತ್ತು ದಾಟಿದ ಗಂಡಸು, ಪಾರ್ಟು ಹದಿನೆಂಟರ ವೀರಕುಮಾರನದು. ಹೊಟ್ಟೆಗೆ ಬೆಲ್ಟ್ ಬಿಗಿಯುತ್ತಾನೆ, ಮೀಸೆ ಮಾತ್ರ ತೆಗೆಯುವುದಿಲ್ಲ. ಕೇಳಿದರೆ — "ಮೀಸಿ ಹೋದ್ರ ಹೇಣ್ತಿ ಗುರ್ತಾ ಹಿಡಿಯೂದಿಲ್ಲವಾ ತಂಗಿ."

ನಾಟಕ ಕಂಪನಿ ಸೇರಿ ಆರು ತಿಂಗಳಾಯಿತು. ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟಿತು. ಬ್ಯಾಡಗಿಯ ಮನೆಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸು ಎಂದಳು ಅಮ್ಮಾ. ಅಕ್ಕ, ನಮ್ಮ ಆಪಾ, ಬಂದು ಎಳೆದುಕೊಂಡು ಬಂದಳು — ಇಲ್ಲಿ ಪ್ರಾಂಪ್ಟರ್ ಬೇಕಿತ್ತು. ಕರಾರು ಒಂದೇ. ಬಣ್ಣ ಹಚ್ಚಕೂಡದು, ಪರದೆಯಾಚೆ ಕಾಲಿಡಕೂಡದು. ತಾನು ಮಾತ್ರ ಇಡಬಹುದು! ಹ್ಯಾಂಡ್‌ಬಿಲ್ಲಿನಲ್ಲಿ ಅವಳು "ಬ್ಯಾಡಗಿಯ ಕುಮಾರಿ ಮಹಮೂದಾಬೇಗಂ — ಹದಿಮೂರನೇ ವಯಸ್ಸಿಗೆ ಬಣ್ಣ ಹಚ್ಚಿ ಹದಿನೈದು ವರ್ಷ ರಂಗಭೂಮಿ ಆಳುತ್ತಿರುವ ನಟಿ". ನನಗೆ ಬರೀ ಆಪಾ. ನನಗಿಂತ ಹತ್ತು ವರ್ಷ ದೊಡ್ಡವಳು. ದರ್ಪ ನೋಡಿದರೆ ಐವತ್ತು ಅನ್ನಬೇಕು.

ರವಿವಾರ, ಫೆಬ್ರುವರಿ 14
ಮ್ಯಾಟಿನಿ ಮುಗಿದ ಮೇಲೆ

ಇವತ್ತು ಆದದ್ದು ಶತ್ರುವಿಗೂ ಬೇಡ.

ನಾಲ್ಕನೆಯ ಅಂಕ. 'ಹೊನ್ನಾಂಬೆ' ಆಟದ ಜೀವವೇ ಅದು. ರಾಜ ಮದುವೆಯಾದ ಹೊಸದರಲ್ಲೇ ದಂಡಯಾತ್ರೆಗೆ ಹೋಗಿ, ಎಷ್ಟೋ ವರ್ಷಕ್ಕೆ ಮರಳಿ ಬಂದಿದ್ದಾನೆ. ರಾಣಿ ಹೊನ್ನಾಂಬೆಯ ಪಕ್ಕದಲ್ಲಿ ಒಬ್ಬ ತರುಣ. ರಾಜನಿಗೆ ಸಂಶಯ. ರಾಜ ಎಂದರೆ ನಮ್ಮ ಮಾಲಕರು, ಪ್ರಭುಲಿಂಗಪ್ಪನವರು. ಕತ್ತಿ ಹಿರಿದು — "ಈ ತರುಣನಾರು? ಲೆಕ್ಕ ಹೇಳು ರಾಣೀ!"

ಆಪಾ ಹೇಳಿದಳು, ಎಂದಿನ ಹಾಗೆ, ಎದೆ ಹಿಂಡುವ ಹಾಗೆ. "ನೀವು ಹೊರಟಾಗ ನನಗೆ ಹದಿನಾರು. ಇಂದು ಇಪ್ಪತ್ತೈದು. ಒಂದೊಂದು ವರ್ಷವನ್ನೂ ಕಣ್ಣೀರಿನಲ್ಲಿ ಎಣಿಸಿದ್ದೇನೆ ಪ್ರಭೂ. ಇವನು ನಿಮ್ಮ ಮಗ, ಹದಿನೆಂಟರ ವೀರಕುಮಾರ."

ಮುಂದಿನ ಬೆಂಚಿನಲ್ಲಿ ಕಾಲೇಜು ಹುಡುಗರು. ಒಬ್ಬ ಎದ್ದು ನಿಂತ. "ಒಂಬತ್ತು ವರ್ಷದಾಗ ಹದಿನೆಂಟು ವರ್ಷದ ಮಗಾನ? ಡಬಲ್ ಪ್ರಮೋಷನ್ ಲೇ!"

ಇನ್ನೊಬ್ಬ — "ಮೀಸೀನೂ ಸೇರಿಸಿ ಹಡದಾಳೋ!"

ಥಿಯೇಟರಿಗೆ ಥಿಯೇಟರೇ ನಕ್ಕಿತು. ಹೆಂಗಸರ ಕಡೆಯೂ ನಕ್ಕರು. ನಾನೂ ನಕ್ಕೆ — ಬಾಯಿಗೆ ಸೆರಗು ಅಡ್ಡ ಹಿಡಿದು. ಆಪಾನ ಮುಖ ನೋಡಿದ ಮೇಲೆ ನಗು ನಿಂತಿತು. ಕುಡಿಯುತ್ತಿದ್ದ ನೀರನ್ನು ಯಾರೋ ಕಸಿದುಕೊಂಡ ಹಾಗೆ ನಿಂತಿದ್ದಳು. ಮುಂದಿನ ಮಾತು ಕೊಟ್ಟೆ, ಮತ್ತೆ ಕೊಟ್ಟೆ, ಎತ್ತಿಕೊಳ್ಳಲೇ ಇಲ್ಲ. ಮಾಲಕರೇ ಕೈ ಸನ್ನೆ ಮಾಡಿ ಪರದೆ ಬಿಡಿಸಿದರು.

ಸೋಮವಾರ, ಫೆಬ್ರುವರಿ 15

ಮೀಟಿಂಗ್. ಮಾಲಕರು ಚಾಪೆಯ ಮೇಲೆ, ಹಾರ್ಮೋನಿಯಂ ಬುಡನಸಾಬ ಮಾಸ್ತರ ಪೆಟ್ಟಿಗೆಯ ಮೇಲೆ, ತಿರಕಪ್ಪ ಮೀಸೆಯ ಮೇಲೆ ಕೈ ಇಟ್ಟುಕೊಂಡು. ಆಪಾ ತಲೆನೋವು ಎಂದು ಬರಲಿಲ್ಲ.

"ಋಷಿಮೂಲ ನದಿಮೂಲ ಕೇಳಬಾರದು ಅಂತಾರ. ರಾಣಿ ವಯಸ್ಸೂ ಕೇಳಬಾರದು," ಎಂದರು ಮಾಸ್ತರ.

"ನೀವು ಕೇಳೂದಿಲ್ಲ ಮಾಸ್ತರ, ಟಿಕೀಟ ತಗೊಂಡಾಂವ ಕೇಳ್ತಾನ," ಮಾಲಕರು.

"ಆ ವಯಸ್ಸಿನ ಮಾತ ತಗದ ಒಗೀರಿ. ಪೀಡಾ ಹೋಗ್ಲಿ," ತಿರಕಪ್ಪ.

ತೆಗೆಯಲು ಬರುವುದಿಲ್ಲ. ಅದನ್ನು ಮಾಲಕರೇ ಬಿಡಿಸಿ ಹೇಳಿದರು. ಹುಡುಗ ತನ್ನ ಮಗನೇ ಎಂದು ರಾಜನಿಗೆ ಗೊತ್ತಾಗುವುದೇ ಆ ಲೆಕ್ಕದಿಂದ. ಹೋದಾಗ ಇಷ್ಟು, ಈಗ ಇಷ್ಟು, ನಡುವೆ ಇವನು. ಲೆಕ್ಕ ಇಲ್ಲದಿದ್ದರೆ ರಾಜ ಅಳುವುದು ಯಾಕೆ, ಕತ್ತಿ ಕೆಳಗಿಡುವುದು ಯಾಕೆ? ತಾಯಿಯ ವಯಸ್ಸು ತಪ್ಪಿದರೆ ಮಗನಿಗೆ ಅಪ್ಪನೇ ಇಲ್ಲ.

ಆಮೇಲೆ ನನ್ನ ಕಡೆ ಬೆರಳು. "ಕುಲ್ಸುಮಾ, ನೀ ಕಾಲೇಜ ಕಲ್ತಾಕಿ. ಎಲ್ಲಾ ವಯಸ್ಸು ಕೂಡಿಸಿ ಕಳದು ಸರಿ ಮಾಡು. ಅಲ್ಲೀ ತನಕಾ ಹೊನ್ನಾಂಬೆ ಬಂದ್. ಬ್ಯಾರೆ ಆಟ ಹಾಕೂಣು."

ಫೇಲಾದದ್ದು ಇಂಗ್ಲಿಷ್, ಗಣಿತವಲ್ಲ. ಆಗಲಿ ಎಂದೆ.

ಬುಧವಾರ, ಫೆಬ್ರುವರಿ 17

ತಲೆ ಕೆಟ್ಟಿದೆ. ಬರೆದವರು ಐವತ್ತು ವರ್ಷದ ಹಿಂದೆ ಬರೆದು ಸತ್ತುಹೋದರು. ಏನು ಎಣಿಸಿದರೋ!

ಒಂದನೇ ಅಂಕದಲ್ಲಿ ಹೊನ್ನಾಂಬೆಗೆ ಹದಿನಾರು. ಎರಡನೇ ಅಂಕದಲ್ಲಿ ಸಖಿ ಹಾಡುತ್ತಾಳೆ, "ಹದಿನಾಲ್ಕರ ನನ್ನೊಡತಿ" ಎಂದು. ಅಂದರೆ ಮದುವೆಯಾದ ಮೇಲೆ ಎರಡು ವರ್ಷ ಚಿಕ್ಕವಳಾದಳು. ಋಷಿಯ ಪ್ರಕಾರ ರಾಜ ಹೋಗಿ ಹನ್ನೆರಡು ವರ್ಷ. ರಾಣಿಯ ಪ್ರಕಾರ ಒಂಬತ್ತು. ಮಗನ ಪ್ರಕಾರ ಹದಿನೆಂಟು. ಕಡೆಗೆ ಮಂತ್ರಿ ಬಂದು, "ಮೂರು ದಶಕ ಈ ರಾಜ್ಯವನ್ನು ಕಾದ ಮಾತೆ" ಎಂದು ಕಾಲಿಗೆ ಬೀಳುತ್ತಾನೆ. ಇಪ್ಪತ್ತೈದರ ಮಾತೆ! ಹುಟ್ಟುವ ಮೊದಲೇ ಕಾಯಲು ಶುರುಮಾಡಿರಬೇಕು.

ಮಗನನ್ನು ಒಂಬತ್ತಕ್ಕೆ ಇಳಿಸೋಣ ಎಂದರೆ ತಿರಕಪ್ಪ ಇದ್ದಾನೆ. ರಾಣಿಯನ್ನು ಏಳು ವರ್ಷಕ್ಕೆ ಹಡೆಸಲಿಕ್ಕಾಗುವುದಿಲ್ಲ. ಉಳಿದ ದಾರಿ ಒಂದೇ. ಹದಿನಾರಕ್ಕೆ ಹದಿನೆಂಟು ಕೂಡಿಸು. ಮೂವತ್ತನಾಲ್ಕು.

ಮಾಸ್ತರರಿಗೆ ತೋರಿಸಿದೆ. ನಕ್ಕರು. "ಮೊದಲ ಮೂವತ್ನಾಲ್ಕ ಇತ್ತವಾ. ಹಳೇ ಹೊನ್ನಾಂಬೆ ಹಂಗ ಅಂತಿದ್ಲು. ಮೂರ ವರ್ಷದ ಹಿಂದ ನಿಮ್ಮ ಆಪಾ ಪಾರ್ಟ್ ಹಿಡದ್ಲು ನೋಡು, ಅವಾಗ ಇಪ್ಪತ್ತೈದಾತು. 'ಇಪ್ಪತ್ತೈದರ ರಾಣಿಗೆ ಇಪ್ಪತ್ತೈದರ ಮಹಮೂದಾ' ಅಂತ ಮಾಲಕರು ಬೋರ್ಡ್ ಬ್ಯಾರೆ ಬರಸಿದ್ರು. ಜನಾ ಮುಗಿಬಿದ್ದಿತ್ತು."

ಅಂದರೆ ತಪ್ಪು ಬರೆದವರದಲ್ಲ. ಅಷ್ಟಾದರೂ ಸಮಾಧಾನ. ಸಖಿ, ಋಷಿ, ಮಂತ್ರಿಯ ತಪ್ಪು ಯಾರದೋ, ಅದು ಬೇರೆ.

ಶುಕ್ರವಾರ, ಫೆಬ್ರುವರಿ 19
ಸಂಜೆ

ಆಪಾಗೆ ಹೇಳಿದೆ. ಮೇಕಪ್ ಮಾಡಿಕೊಳ್ಳುತ್ತಿದ್ದಳು. ಕನ್ನಡಿಯಲ್ಲೇ ನನ್ನನ್ನು ನೋಡಿದಳು.

"ಮೂವತ್ನಾಲ್ಕು ಅಂತ ನಾ ಅನ್ನೂದಿಲ್ಲ."

"ಯಾಕ? ಹೊನ್ನಾಂಬೆ ವಯಸ್ಸದು. ನಿಂದಲ್ಲ."

"ಬೋರ್ಡ್ ಬರಸಿ ಎರಡೂ ಒಂದ ಅಂತ ಜನಕ್ಕ ಕಲಿಸ್ಯಾರ. ಇನ್ನ ಬ್ಯಾರೆ ಬ್ಯಾರೆ ನೋಡ್ತಾರೇನ?"

"ನೋಡಲಿ ಬಿಡ. ಇಪ್ಪತ್ತೆಂಟಕ್ಕ ಇಷ್ಟ ಹೆದರತಿ, ಖರೇನ ಮೂವತ್ನಾಲ್ಕು ಆದಾಗ ಏನ ಮಾಡ್ತಿ? ಬುರ್ಕಾ ಹಾಕ್ಕೊಂಡು ಪಾರ್ಟ್ ಮಾಡ್ತಿ?"

ಪೌಡರ್ ಡಬ್ಬಿ ನೆಲಕ್ಕೆ ಬಿತ್ತು. ಬಿತ್ತೋ, ಎಸೆದಳೋ. "ಆಗ್ಯಾವ! ಮೂವತ್ನಾಲ್ಕು ನನಗ ಆಗ್ಯಾವ, ಹೊನ್ನಾಂಬೆಗಲ್ಲ! ತಿಳೀತಾ? ಹೋಗ ಇಲ್ಲಿಂದ!"

ಹೇಳಿದವಳೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆರು ವರ್ಷ ನುಂಗಿ ನೀರು ಕುಡಿದಿದ್ದಾಳಲ್ಲ, ಕಳ್ಳಿ! ಹೆಣ್ಣಿನ ವಯಸ್ಸು, ಗಂಡಸಿನ ಪಗಾರ ಕೇಳಬಾರದು ಅನ್ನುವುದು ಸುಳ್ಳಲ್ಲ. ಅಮ್ಮಾಗೆ ಹೇಳಿ ಮತ್ತೊಮ್ಮೆ ನಗಬೇಕು.

ಶನಿವಾರ, ಫೆಬ್ರುವರಿ 20
ಬೆಳಿಗ್ಗೆ

ಕೂಡುವ ಕಳೆಯುವ ಚಟ ಹತ್ತಿಬಿಟ್ಟಿದೆ. ಹಲ್ಲುಜ್ಜುತ್ತ ಸುಮ್ಮನೆ ಎಣಿಸಿದೆ. ಎಣಿಸಬಾರದಿತ್ತು.

ಅಬ್ಬಾ ಮುಂಬೈ ಬಂದರಿನಲ್ಲಿ ಹಮಾಲಿ ಮಾಡುತ್ತ ಸತ್ತರು. ಆಪಾಗೆ ಆಗ ಹದಿಮೂರು. ಅಪ್ಪ ಸತ್ತದ್ದಕ್ಕೇ ಅವಳು ಕಂಪನಿ ಸೇರಿದ್ದು. ಇದು ಮನೆಯಲ್ಲಿ ಗೊತ್ತು, ಓಣಿಯಲ್ಲಿ ಗೊತ್ತು, ಹ್ಯಾಂಡ್‌ಬಿಲ್ಲಿನಲ್ಲೂ ಇದೆ. ಆಪಾಗೆ ಇಪ್ಪತ್ತೆಂಟು ಎಂದರೆ ಅಬ್ಬಾ ಸತ್ತು ಹದಿನೈದು ವರ್ಷ. ನನಗೆ ಹದಿನೆಂಟು. ಆಗ ನನಗೆ ಮೂರು. ಅಮ್ಮಾ ಯಾವಾಗಲೂ ಹೇಳುವುದೂ ಅದೇ.

ಆಪಾಗೆ ಮೂವತ್ತನಾಲ್ಕು ಎಂದರೆ? ಸತ್ತು ಇಪ್ಪತ್ತೊಂದು ವರ್ಷ.

ಹಾಗಾದರೆ ನಾನು ಹುಟ್ಟುವ ಮೂರು ವರ್ಷ ಮೊದಲೇ ಅಬ್ಬಾ ಇರಲಿಲ್ಲ.

ಮತ್ತೆ ಎಣಿಸಿದೆ. ಬೆರಳ ಮೇಲೂ ಎಣಿಸಿದೆ. ಅಷ್ಟೇ ಬರುತ್ತದೆ. ನನ್ನ ವಯಸ್ಸೇ ತಪ್ಪಿರಬಹುದೇ? ಜೂನ್ ಒಂದು ಅಂತೂ ಸುಳ್ಳು — ನಮ್ಮ ಶಾಲೆಯ ಹೆಡ್‌ಮಾಸ್ತರ ಅರ್ಧ ಊರನ್ನೇ ಜೂನ್ ಒಂದಕ್ಕೆ ಹುಟ್ಟಿಸಿದ್ದಾರೆ. ಆದರೆ ವರ್ಷ ಸುಳ್ಳಲ್ಲ. ಚಂದ್ರನ ಮೇಲೆ ಮನುಷ್ಯ ಇಳಿದ ಸುದ್ದಿ ಬಂದ ವಾರ ಹುಟ್ಟಿದವಳು ನಾನು. ಅದು ಸುಳ್ಳೋ ಖರೆಯೋ ಎಂದು ಮಸೂತಿಯ ಮುಂದೆ ಜಗಳ ಆಗಿತ್ತಂತೆ. ಅಮ್ಮಾ ನೂರು ಸಲ ಹೇಳಿದ್ದಾಳೆ.

ಸಿಟ್ಟಿನಲ್ಲಿ ಆಪಾ ಏನೋ ಒಂದು ಅಂಕಿ ಅಂದಿರಬೇಕು. ಅಷ್ಟೇ.

ಬುಧವಾರ, ಫೆಬ್ರುವರಿ 24

ಸಿಟ್ಟಿನಲ್ಲಿ ಜನ ವಯಸ್ಸು ಹೆಚ್ಚಿಗೆ ಹೇಳುತ್ತಾರೆಯೇ? ಅದೂ ನಟಿ?

ಮೂರು ದಿನದಿಂದ ಪ್ರಾಂಪ್ಟಿಂಗ್ ಹದಗೆಟ್ಟಿದೆ. ನಿನ್ನೆ ವಿಲನ್ನಿನ ಮಾತು ಹೀರೋಗೆ ಕೊಟ್ಟೆ. ಅವನು ತಾಳಿ ಕಟ್ಟಿದ ಹೆಂಡತಿಗೇ "ನಿನ್ನನ್ನು ಅಪಹರಿಸುವೆ" ಎಂದ. ಬೈಸಿಕೊಂಡೆ.

ನನಗೆ ಅಬ್ಬಾನ ಹೆಗಲು ನೆನಪಿದೆ. ಮೆಣಸಿನಕಾಯಿ ಘಾಟು. ನಾನು ಸೀನಿದರೆ ಹೆಗಲೂ ಅಲುಗಿ ನಗುತ್ತಿತ್ತು. ಸತ್ತ ಮೂರು ವರ್ಷಕ್ಕೆ ಹುಟ್ಟಿದವಳಿಗೆ ಆ ಹೆಗಲು ನೆನಪಿರುವುದು ಹೇಗೆ? ಹಾಗಾದರೆ ಲೆಕ್ಕ ತಪ್ಪು. ಲೆಕ್ಕ ಸರಿಯಿದ್ದರೆ ಆ ಹೆಗಲು ಯಾರದು? ಎರಡರಲ್ಲಿ ಒಂದು ಸುಳ್ಳಾಗಬೇಕು. ಯಾವುದನ್ನು ಸುಳ್ಳು ಮಾಡಲಿ ತಿಳಿಯುತ್ತಿಲ್ಲ.

ಇನ್ನೊಂದು ಯೋಚನೆಯೂ ಬಂತು. ಬರೆಯುವುದಿಲ್ಲ.

ಸೋಮವಾರ, ಫೆಬ್ರುವರಿ 29
ಬ್ಯಾಡಗಿ. ಮನೆ

ಪ್ಯಾಸೆಂಜರ್ ಹಿಡಿದು ಬಂದೆ. ಹೊಟ್ಟೆನೋವು ಎಂದು ಮಾಲಕರಿಗೆ ಸುಳ್ಳು ಹೇಳಿದೆ.

ಅಂಗಳದಲ್ಲಿ ಕೆಂಪು ರಾಶಿ. ಅಮ್ಮಾ ತೊಟ್ಟು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಕೈ ಹಚ್ಚಿದೆ. ಮುಖ ನೋಡದೆ ಕೇಳಲು ಅದೇ ಅನುಕೂಲ.

"ಅಬ್ಬಾ ಸತ್ತಾಗ ನನಗೆಷ್ಟು ಅಮ್ಮಾ?"

"ಮೂರು. ಎಷ್ಟ ಸಲ ಕೇಳ್ತಿ?"

"ಆಪಾಗ?"

"ಹದಿಮೂರು."

"ಆಪಾಗ ಈಗ ಮೂವತ್ನಾಲ್ಕಂತ. ಅಕೀನ ಅಂದ್ಲು."

ಅಮ್ಮಾನ ಕೈ ನಿಂತಿತು. ನಾನು ತೊಟ್ಟು ಬಿಡಿಸುತ್ತಲೇ ಇದ್ದೆ. ಒಳ್ಳೆಯ ಕಾಯಿಯನ್ನೂ ಹರಿದು ಹಾಕಿದೆ.

"ಅಕೀನ ಅಂದ್ಲಾ?" ಎಂದಳು ಕಡೆಗೆ. "ಇಷ್ಟ ವರ್ಷ ನಾ ಬಾಯಿ ಹೊಲಕೊಂಡು ಕುಂತೇನಿ. ಹೊಲಿಗಿ ಹಾಕಿದಾಕೀನ ಬಿಚ್ಚಿದ್ಲಾ?"

ಆಮೇಲೆ ಎಲ್ಲ ಹೇಳಿದಳು. ಅಳಲಿಲ್ಲ. ಅಡುಗೆ ಹೇಗೆ ಮಾಡಿದೆ ಎಂದು ಹೇಳುವವಳ ಹಾಗೆ ಹೇಳಿದಳು. ನನಗೆ ನೆನಪಿರುವಷ್ಟು ಬರೆಯುತ್ತೇನೆ.

ಆಗ ಮನೆ ಅಗಡಿ ಎಂಬ ಊರಿನಲ್ಲಿತ್ತು. ಅಬ್ಬಾ ಸತ್ತದ್ದೂ ಅಲ್ಲೇ, ಜ್ವರ ಬಂದು. ಮುಂಬೈ ನೋಡಿದವರೇ ಅಲ್ಲ. ಹದಿಮೂರರ ಆಪಾ ಕಂಪನಿ ಸೇರಿದಳು. ಹದಿನಾರು ತುಂಬುವ ಮೊದಲು ಹೊಟ್ಟೆ ಹೊತ್ತು ಬಂದಳು. ಆ ಕಂಪನಿಯಲ್ಲಿ ಒಬ್ಬ ರಾಜಪಾರ್ಟಿನವನು. ಬರುತ್ತೇನೆ ಅಂದವನು ಬರಲಿಲ್ಲ. ಹೆಸರು ಕೇಳಬೇಡ ಎಂದಳು ಅಮ್ಮಾ. ನಾನು ಕೇಳಲಿಲ್ಲ. ಹೊಲದ ಗುಡಿಸಲಿನಲ್ಲಿ ನಾನು ಹುಟ್ಟಿದೆ. ಬಾಣಂತನ ಮುಗಿದ ಮೇಲೆ ಆಪಾ ಬೇರೊಂದು ಕಂಪನಿಗೆ ಹೋದಳು. ಅಮ್ಮಾ ನನ್ನನ್ನು ಎತ್ತಿಕೊಂಡು, ಯಾರಿಗೂ ಗುರುತಿಲ್ಲದ ಬ್ಯಾಡಗಿಗೆ ಬಂದಳು. ನನಗೆ ನೆನಪಿರುವ ಹೆಗಲು ಅಮ್ಮಾನ ತಮ್ಮ, ಮಾಮಾ ಫಕ್ಕೀರಸಾಬನದು. ನನಗೆ ಐದಾಗುವಷ್ಟರಲ್ಲಿ ಅವನೂ ಹೋದ.

"ಗಂಡ ಸತ್ತು ವರ್ಷಗಟ್ಟಲೆ ಆದ ಮ್ಯಾಲೆ ಮಡಿಲಾಗ ಕೂಸು ಅಂದ್ರ ಯಾವ ಓಣಿ ಸುಮ್ಮನಿರತೈತಿ? ಅದಕ್ಕ ಅವನ್ನ ಬದುಕಿಸಿದ್ವಿ. ಮುಂಬೈದಾಗ ದುಡೀತಾನ ಅಂದೆ. ನಿನಗ ಮೂರಾದ ಮ್ಯಾಲೆ ಸತ್ತ ಸುದ್ದಿ ಬಂತು ಅಂದೆ. ಓಣಿ ಮಂದಿ ಮುಂದ ಎರಡನೇ ಸಲ ಬಳಿ ಒಡಕೊಂಡೆ. ನಾಟಕ ಅಂತ ಕುಂತಾಕಿ, ಖರೇನ ಅಳು ಬಂತವಾ."

"ಆಪಾ?"

"ಅಪ್ಪ ಸತ್ತ ವರ್ಷ ಕಂಪನಿ ಸೇರಿದ್ಲು ಅಂತ ಎಲ್ಲಾರಿಗೂ ಗೊತ್ತಲ್ಲ. ಅಂವ ಆರ ವರ್ಷ ಹೆಚ್ಚಿಗಿ ಬದುಕಬೇಕಂದ್ರ ಅಕೀ ಆರ ವರ್ಷ ಸಣ್ಣಾಕಿ ಆಗಬೇಕು. ಅಕೀನ ಕುಂತು ಎಣಿಸಿದ್ಲು. ಈ ಊರಿಗೆ ಅಕೀ ಕಾಲ ಇಟ್ಟದ್ದ ತಡಾ ಆಗಿ, ಬಣ್ಣದಾಗ ಯಾರಿಗೆ ಗೊತ್ತಾಗತೈತಿ?"

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಆದರೂ ಕೇಳಿದೆ. "ಹಂಗಾರ ನೀ ನನಗ ಯಾರು?"

ಕೆಂಪು ಬೆರಳಿನಿಂದಲೇ ಕಣ್ಣು ಒರೆಸಿಕೊಂಡಳು. ಘಾಟು ಹತ್ತಿ ಒದ್ದಾಡಿಬಿಟ್ಟಳು. ನೀರು ತಂದು ಕಣ್ಣಿಗೆ ಹಾಕಿದೆ. ಕಣ್ಣು ಮುಚ್ಚಿಕೊಂಡೇ ಅಂದಳು — "ಊಟಾ ಮಾಡೀಯಿಲ್ಲೋ?"

ಮಂಗಳವಾರ, ಮಾರ್ಚ್ 1
ಹಾವೇರಿ ಸ್ಟೇಷನ್

ರಾಣೆಬೆನ್ನೂರಿಗೆ ಹೋಗಬೇಕಾದವಳು ಹಾವೇರಿಯಲ್ಲಿ ಇಳಿದಿದ್ದೇನೆ. ಬ್ಯಾಡಗಿಯಲ್ಲಿ ಬಂದ ಗಾಡಿ ಯಾವ ಕಡೆಯದು ಎಂದು ನೋಡಲೇ ಇಲ್ಲ. ಟಿಕೆಟ್ ತೋರಿಸಿದೆ. "ಎತ್ತಾಗ ಹೊಂಟೀಯಬೇ, ಇದು ಉಲ್ಟಾ ಆತು" ಎಂದ ಟಿಸಿ, ಬಿಟ್ಟುಬಿಟ್ಟ. ಮುಖ ನೋಡಿ ಹೆದರಿರಬೇಕು. ವಾಪಸ್ ಗಾಡಿ ಮಧ್ಯಾಹ್ನಕ್ಕೆ.

ಬೆಂಚಿನ ಮೇಲೆ ಕೂತು ಯೋಚಿಸುತ್ತಿದ್ದೇನೆ. ಆದರೆ ಯೋಚನೆ ಸಾಲಾಗಿ ಬರುತ್ತಿಲ್ಲ.

ಅಮ್ಮಾ ನನ್ನ ಅಜ್ಜಿ. ಆಪಾ ನನ್ನ... ಸತ್ತ ಅಪ್ಪ ನನ್ನ ಅಜ್ಜ. ನಾನು ಇದ್ದಲ್ಲೇ ಇದ್ದೇನೆ. ಸುತ್ತ ಎಲ್ಲರೂ ಒಂದೊಂದು ಮನೆ ಸರಿದಿದ್ದಾರೆ.

ಸಿಟ್ಟು ಬರಬೇಕು, ಬರುತ್ತದೆ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿ, ನನ್ನ ಹೇನು ತೆಗೆದು, ಫೇಲಾದಾಗ ಹೊಡೆದು — ಒಂದು ಸಲ ಹೇಳಲಿಲ್ಲ. ಆಮೇಲೆ ಆ ಆರು ವರ್ಷ ನೆನಪಾಗುತ್ತದೆ. ನಟಿ ವಯಸ್ಸು ಕಡಿಮೆ ಹೇಳುತ್ತಾಳೆ ಎಂದು ಊರು ನಗುತ್ತದೆ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನನಗೊಬ್ಬ ಅಪ್ಪ ಇರಲಿ ಎಂದು ತನ್ನ ಆರು ವರ್ಷ ತೆಗೆದು ಸತ್ತವನಿಗೆ ಕೊಟ್ಟಳು. ಹಾಗೆ ಕೊಟ್ಟವಳ ಮೇಲೆ ಸಿಟ್ಟು ಮಾಡಬೇಕೋ, ಕಾಲಿಗೆ ಬೀಳಬೇಕೋ? ಯಾರಾದರೂ ಹೇಳಿಕೊಟ್ಟರೆ ಚೆನ್ನಾಗಿತ್ತು. ಎಲ್ಲರಿಗೂ ಮಾತು ಹೇಳಿಕೊಡುವವಳಿಗೆ ಹೇಳಿಕೊಡುವವರು ಯಾರೂ ಇಲ್ಲ.

ಮಂಗಳವಾರ, ಮಾರ್ಚ್ 8
ರಾಣೆಬೆನ್ನೂರು

ಬಂದು ವಾರವಾಯಿತು. ಅವಳನ್ನು ಏನೆಂದೂ ಕರೆದಿಲ್ಲ.

ಕರೆಯದೆ ಮಾತಾಡುವುದು ಎಷ್ಟು ಕಷ್ಟ! ಎದುರಿಗೆ ಹೋಗಿ ನಿಲ್ಲಬೇಕು, ಕೆಮ್ಮಬೇಕು, ಇಲ್ಲ ಪಾತ್ರೆ ಸಪ್ಪಳ ಮಾಡಬೇಕು. ಇವತ್ತು ಅವಳ ಸೀರೆಗೆ ಮೊಳೆ ಸಿಕ್ಕಿತ್ತು, ಹರಿಯುವುದರಲ್ಲಿತ್ತು. ಕೂಗಬೇಕು — ಏನೆಂದು? "ಏ... ಏ... ಸೀರಿ!" ಎಂದೆ. ತಿರುಗಿ ನೋಡಿದಳು. ಸೀರೆಯನ್ನಲ್ಲ, ನನ್ನನ್ನು.

ಗೊತ್ತಾಗಿದೆ ಅವಳಿಗೆ. ಅಮ್ಮಾ ಸುದ್ದಿ ಮುಟ್ಟಿಸಿರಬೇಕು.

ರವಿವಾರ, ಮಾರ್ಚ್ 13

ಇಲ್ಲಿಯ ಕ್ಯಾಂಪ್ ಮುಗಿಯಿತು. ಯುಗಾದಿ ಹಿಂದೆಯೇ ಬ್ಯಾಡಗಿಯಲ್ಲಿ ಥಿಯೇಟರ್ ಏಳುತ್ತದೆ. ಮೊದಲ ಆಟ ಹೊನ್ನಾಂಬೆಯೇ ಆಗಬೇಕಂತೆ. ಊರ ಮಗಳ ಪಾರ್ಟು, ವ್ಯಾಪಾರಸ್ಥರು ಆಗಲೇ ಕೇಳಿದ್ದಾರೆ. ಮಾಲಕರು ಆಪಾನ ಎದುರಿಗೇ ಖಡಾಖಡಿ ಹೇಳಿದರು — "ಲೆಕ್ಕ ಸರಿ ಮಾಡಿದ ಮಾತ ಅನ್ನಬೇಕು. ಒಲ್ಲೆ ಅಂದ್ರ ಗದಗಿನಿಂದ ಬ್ಯಾರೆ ಹೊನ್ನಾಂಬೆ ಬರ್ತಾಳ. ಇನ್ನೊಮ್ಮೆ ನಗಸಗೊಳ್ಳಾಕ ನನ್ನ ಕಡೆ ಆಗೂದಿಲ್ಲ." ಈ ಪಾರ್ಟು ಹೋದರೆ ಅವಳಿಗೆ ಉಳಿಯುವುದು ಅತ್ತೆ, ಮಲತಾಯಿಯ ಪಾರ್ಟು. ಅದು ಅವಳಿಗೂ ಗೊತ್ತು.

ಸಾಮಾನು ಕಟ್ಟುವಾಗ ಇಬ್ಬರೇ ಇದ್ದೆವು. ಕಿರೀಟಗಳಿಗೆ ಬಟ್ಟೆ ಸುತ್ತುತ್ತಿದ್ದೆವು.

"ಆ ಮಾತ ಬರದ್ಯಾ?" ಎಂದಳು.

"ಇಲ್ಲ."

"ಬರಿ."

"ಬ್ಯಾಡಗಿಯೊಳಗ ಅಂತೀಯೇನ?"

ಒಂದು ಕಿರೀಟಕ್ಕೆ ಎರಡು ಸಲ ಬಟ್ಟೆ ಸುತ್ತಿದಳು. "ಓಣಿ ಹೆಂಗಸರು ಬರ್ತಾರ. ಮೂವತ್ನಾಲ್ಕು ಅಂದಕೂಡಲೇ ನನ್ನ ಮಾರಿ ನೋಡ್ತಾರ, ಬೆರಳ ಮಡಚ್ತಾರ. ನನ್ನ ಹೆಸರಿಗೆ ಹತ್ತೂದೆಲ್ಲ ಹತ್ತಿ ಮುಗದೈತಿ. ನಿನಗ ಅಪ್ಪ ಇಲ್ಲದಾಂಗ ಆಗತೈತಿ ನೋಡು. ಅದೊಂದ ನನಗ..."

"ಎಲ್ಲಾರೂ ನಿನ್ನಂಗ ಲೆಕ್ಕ ಮಾಡಕೋತ ಕುಂದ್ರೂದಿಲ್ಲ."

"ನೀ ಮಾಡಿದಿ."

ಕೈಯಲ್ಲಿದ್ದ ಕಿರೀಟ ಪೆಟ್ಟಿಗೆಯಲ್ಲಿಟ್ಟೆ.

"ಏನ ಬರೀಲಿ, ಹೇಳು," ಎಂದೆ ಕಡೆಗೆ. "ಇಪ್ಪತ್ತೈದು ಬರದ್ರ ನಗ್ತಾರ, ಪಾರ್ಟ್ ಹೋಗತೈತಿ. ಮೂವತ್ನಾಲ್ಕು ಬರದ್ರ ಅಬ್ಬಾ ಹೋಗ್ತಾನ. ನನಗ ತಿಳೀವಲ್ದು."

"ನಿನಗ ಯಾವುದ ಬೇಕು ಅದನ್ನ ಬರಿ. ನೀ ಏನ ಕೊಡ್ತಿ ಅದನ್ನ ಅಂತೇನಿ ನಾ," ಎಂದು ಎದ್ದುಹೋದಳು.

ಸೋಮವಾರ, ಮಾರ್ಚ್ 14

ಬರೆದೆ. ಮೂವತ್ತನಾಲ್ಕು. ಬರೆದು ಹೊಡೆದು ಹಾಕಿದೆ. ಮತ್ತೆ ಬರೆದೆ.

ಇಲ್ಲದ ಅಪ್ಪನನ್ನು ಇಟ್ಟುಕೊಂಡು ಏನು ಮಾಡಲಿ? ಇರುವವಳು ಇದ್ದಾಳೆ.

ಸರಿಯೋ ತಪ್ಪೋ ಗೊತ್ತಿಲ್ಲ.

ರವಿವಾರ, ಮಾರ್ಚ್ 20
ಬ್ಯಾಡಗಿ. ಮ್ಯಾಟಿನಿ ಮುಗಿದು ಒಂದು ತಾಸಾಯಿತು

ಮರೆಯುವ ಮೊದಲು ಎಲ್ಲ ಬರೆದಿಡುತ್ತೇನೆ.

ಹೌಸ್‌ಫುಲ್. ವ್ಯಾಪಾರಸ್ಥರು ಕುರ್ಚಿಯಲ್ಲಿ, ಹಮಾಲರು ಹಿಂದೆ, ಹೆಂಗಸರ ಕಡೆ ನಮ್ಮ ಓಣಿಯೇ ಓಣಿ. ನಡುವೆ ಅಮ್ಮಾ. ನಾನು ಪರದೆಯ ತೂತಿನಿಂದ ನೋಡಿದೆ. ಮೆಣಸಿನಕಾಯಿ ಧೂಳಿಗೆ ಅರ್ಧ ಜನ ಸೀನುತ್ತಿದ್ದರು, ಹಾಡಿನ ನಡುವೆಯೂ.

ನಾಲ್ಕನೆಯ ಅಂಕ. ಮಾಲಕರು ಕತ್ತಿ ಹಿರಿದರು. "ಲೆಕ್ಕ ಹೇಳು ರಾಣೀ!"

"ನೀವು ಹೊರಟಾಗ ನನಗೆ ಹದಿನಾರು. ಇಂದು..."

ನಿಂತಳು. ಮರೆತಿದ್ದಲ್ಲ. ಅವಳು ಒಂದು ದಿನ ಮಾತು ಮರೆತವಳಲ್ಲ. ಕತ್ತು ಇಷ್ಟೇ ತಿರುಗಿಸಿ ವಿಂಗಿನ ಕಡೆ ನೋಡಿದಳು. ನಾನು ಕೊಡಬೇಕಿತ್ತು. ಯಾವ ಅಂಕಿ ಕೊಟ್ಟರೂ ಅದನ್ನೇ ಅನ್ನುತ್ತಿದ್ದಳು, ನನಗೆ ಗೊತ್ತು. ಅಬ್ಬಾನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಯಾವ ಮುಖವೂ ಬರಲಿಲ್ಲ. ಮಾಸ್ತರ ಹಾರ್ಮೋನಿಯಂ ಎಳೆದೇ ಎಳೆದರು.

"ಮೂವತ್ನಾಲ್ಕು," ಎಂದೆ.

"ಇಂದು ಮೂವತ್ತನಾಲ್ಕು," ಎಂದಳು ಆಪಾ. ದೊಡ್ಡ ದನಿಯಲ್ಲಿ, ಹಿಂದಿನ ಹಮಾಲರಿಗೂ ಕೇಳುವ ಹಾಗೆ. ಅಷ್ಟಕ್ಕೆ ಬಿಡಲಿಲ್ಲ. ಬರೆದದ್ದರಲ್ಲಿ ಇಲ್ಲದ ಮಾತು, ರಾಣಿಯ ಭಾಷೆಯೂ ಅಲ್ಲದ ಮಾತು ಹೇಳಿದಳು — "ಒಂದ ವರ್ಷಾನೂ ಕಡಿಮಿ ಇಲ್ಲ."

ಯಾರೂ ನಗಲಿಲ್ಲ. ಸೀನುವವರೂ ಸೀನಲಿಲ್ಲ. ಹೆಂಗಸರ ಕಡೆ ಬಳೆ ಸಪ್ಪಳ. ಬೆರಳು ಮಡಚಿದರೋ, ಕಣ್ಣು ಒರೆಸಿಕೊಂಡರೋ ನನಗೆ ಕಾಣಲಿಲ್ಲ.

"ಒಂದೊಂದು ವರ್ಷವನ್ನೂ ಕಣ್ಣೀರಿನಲ್ಲಿ ಎಣಿಸಿದ್ದೇನೆ ಪ್ರಭೂ. ಇವನು ನಿಮ್ಮ ಮಗ."

ಮುಂದಿನ ಮಾತು ತಿರಕಪ್ಪನದು. ಒಂದೇ ಪದ. ಅದನ್ನೂ ಮರೆತಿದ್ದ ಪುಣ್ಯಾತ್ಮ. ಮಾಲಕರ ಕಣ್ಣಲ್ಲಿ ಖರೇ ನೀರು ನೋಡಿ ಗಾಬರಿಯಾಗಿ, ಬಾಯಿ ತೆರೆದುಕೊಂಡು ನನ್ನ ಕಡೆ ನೋಡಿದ. ಕೊಡು ಎಂದು ಹುಬ್ಬು ಹಾರಿಸಿದ.

ಪರದೆಗೆ ಬಾಯಿ ಹಚ್ಚಿದೆ. ಪಿಸುಗುಟ್ಟಬೇಕೆಂದೇ ಇದ್ದೆ. ಆಣೆ ಮಾಡಿ ಹೇಳುತ್ತೇನೆ.

"ಅಮ್ಮಾ."

ಪಿಸುಮಾತಾಗಿ ಬರಲಿಲ್ಲ. ಕೂಗಾಗಿಯೇ ಬಂತು.

ತಿರಕಪ್ಪ ಆ ಪದ ಎತ್ತಿಕೊಳ್ಳಲೇ ಇಲ್ಲ. ಆಪಾ ಅವನನ್ನು ಅಪ್ಪಿಕೊಳ್ಳಬೇಕಿತ್ತು, ಅವನು ತೋಳು ಚಾಚಿಯೂ ಇದ್ದ. ಅವನಿಗೆ ಬೆನ್ನು ಮಾಡಿ, ವಿಂಗಿನ ಕಡೆ ಮುಖ ಮಾಡಿ, ಆಪಾ ನಿಂತೇ ಇದ್ದಳು. ಚಪ್ಪಾಳೆ ಬಿತ್ತು. ಮಾಲಕರು ಪರದೆಗೆ ಸನ್ನೆ ಮಾಡುವುದನ್ನೂ ಮರೆತರು.

ಸೋಮವಾರ, ಮಾರ್ಚ್ 21
ಬೆಳಿಗ್ಗೆ

ಮನೆಯಲ್ಲೇ ಇದ್ದೇವೆ, ಮೂವರೂ. ಅಮ್ಮಾ ಚಹಾ ಇಡುತ್ತಿದ್ದಾಳೆ. ಓಣಿಯಲ್ಲಿ ಏನು ಮಾತಾಡುತ್ತಿದ್ದಾರೋ, ನಳದ ಹತ್ತಿರ ನೀರಿಗೆ ಹೋಗಲು ನನಗಿನ್ನೂ ಧೈರ್ಯ ಬಂದಿಲ್ಲ.

ಆಪಾ ಈಗಷ್ಟೇ ಬಂದು ಬಾಗಿಲಲ್ಲಿ ನಿಂತಳು. ಬಣ್ಣ ಪೂರ್ತಿ ಹೋಗಿಲ್ಲ, ಕಿವಿಯ ಹಿಂದೆ ಇನ್ನೂ ಇದೆ.

"ನಿನ್ನಿ ಪ್ರಾಂಪ್ಟ್ ಭಾಳ ಜೋರಾತು."

"ತಿರಕಪ್ಪಗ ಕಿವಿ ಮಂದ."

"ಹಿಂದಿನ ಹಮಾಲರಿಗೂ ಕೇಳಸೇತಿ."

"ಇನ್ನ ಮ್ಯಾಲೆ ಮೆಲ್ಲಕ ಅಂತೇನಿ."

ಚೌಕಟ್ಟಿನ ಸುಣ್ಣ ಉಗುರಿನಿಂದ ಕೆರೆಯುತ್ತ ನಿಂತಳು, ಸಣ್ಣ ಹುಡುಗಿಯ ಹಾಗೆ. "ಮೆಲ್ಲಕ ಅಂದ್ರೂ ನನಗ ಕೇಳಸ್ತೈತಿ," ಎಂದಳು.

ಅಡುಗೆಮನೆಯಿಂದ ಅಮ್ಮಾ ಕೂಗುತ್ತಿದ್ದಾಳೆ — ಚಹಾ ಆರಾಕತ್ತೇತಿ, ಅಕೀನ್ನೂ ಕರಕೊಂಡು ಬಾ ಅಂತ. ಅವಳು ಹೊರಗೆ ಕಟ್ಟೆಗೆ ಹೋಗಿ ಕೂತಿದ್ದಾಳೆ, ಬೆನ್ನು ಈ ಕಡೆ. ಎದ್ದು ಹೋಗಿ ಕರೆಯಬೇಕು. ಕೆಮ್ಮುವುದಿಲ್ಲ, ಪಾತ್ರೆ ಸಪ್ಪಳ ಮಾಡುವುದಿಲ್ಲ. ಬಾಗಿಲ ತನಕ ಹೋಗಿ, ಮೆಲ್ಲಗೆ —